ಗಾಣದ ಮನೆಯ ತಳದ ಎಣ್ಣೆ

ನನ್ನ ಹೊಲಿಗೆ ಅಂಗಡಿಗೂ ಪಕ್ಕದ ಗಾಣಕ್ಕೂ ನಡುವೆ ಇರುವುದು ಒಂದೇ ಗೋಡೆ. ಗೋಡೆ ಎನ್ನುವುದು ಮರ್ಯಾದೆಯ ಮಾತು. ನಿಜ ಹೇಳಬೇಕೆಂದರೆ ಅದು ಒತ್ತೊತ್ತಾಗಿ ಹೊಡೆದ ಹಲಗೆಗಳ ಸಾಲು. ಎಣ್ಣೆ ಕುಡಿದು ಕುಡಿದು ಆ ಹಲಗೆಗಳು ಕಪ್ಪಾಗಿವೆ. ಬಿಳಿ ಬಟ್ಟೆಯನ್ನು ಆ ಕಡೆ ನೇತುಹಾಕುವ ಹಾಗಿಲ್ಲ. ಹೊಸ ಗಿರಾಕಿ ಯಾರಾದರೂ ಹೊಲಿದ ಅಂಗಿಯನ್ನು ಮೂಸಿ, "ಇದೇನು, ಎಳ್ಳಿನ ವಾಸನೆ ಬರ್ತಿದೆಯಲ್ಲ?" ಎಂದರೆ, "ಅದಕ್ಕೆ ಬೇರೆ ಕೂಲಿ ತಗೊಳ್ಳಲ್ಲ, ಹಾಕ್ಕೊಳ್ಳಿ" ಎಂದುಬಿಡುತ್ತೇನೆ. ನನ್ನ ಬಾಯಿ ಹಾಗೆ. ಹಳೆಯ ಗಿರಾಕಿಗಳಿಗೆ ಅಭ್ಯಾಸವಾಗಿದೆ.

ಹಲಗೆಯ ಆಚೆ ಇರುವವನು ಗಾಣದಣ್ಣ. ಒಡಹುಟ್ಟಿದವನಲ್ಲ. ಆದರೆ ಈ ಇಪ್ಪತ್ತೆರಡು ವರ್ಷದಲ್ಲಿ ಒಡಹುಟ್ಟಿದವರಿಗಿಂತ ಹೆಚ್ಚು ಜಗಳವಾಡಿದ್ದೇವೆ. ಅವನಿಗೆ ಐವತ್ತೊಂಬತ್ತು ವಯಸ್ಸು, ಆಳು ಕುಳ್ಳ, ತೋಳು ಮಾತ್ರ ಕಂಬ. ಅಪ್ಪ ನಡೆಸುತ್ತಿದ್ದ ಮರದ ಗಾಣವನ್ನೇ ಅವನೂ ನಡೆಸುತ್ತಾನೆ. ಎತ್ತಿನ ಜಾಗಕ್ಕೆ ಮೋಟಾರು ಬಂದಿದೆ, ಅಷ್ಟೇ ವ್ಯತ್ಯಾಸ. ಅವನ ಹೆಂಡತಿ ನನಗೆ ಅತ್ತಿಗೆ. ಗಾಣದ ಹಿಂದಿನ ಎರಡು ಕೋಣೆಯೇ ಅವರ ಮನೆ. "ಏ, ಕೇಳಿಲ್ಲಿ" ಎಂದು ಅವನು ಕೂಗುವುದು, "ಬಂದೆ ರೀ" ಎಂದು ಅತ್ತಿಗೆ ಓಗೊಡುವುದು, ದಿನಕ್ಕೆ ನೂರು ಸಲ. ಹೆಂಡತಿಯನ್ನು ಅವನು ಹೆಸರು ಹಿಡಿದು ಕರೆದಿದ್ದನ್ನು ನಾನು ಕೇಳಿಲ್ಲ. ಅತ್ತಿಗೆಯ ಹೆಸರೇ 'ಕೇಳಿಲ್ಲಿ' ಇರಬೇಕು ಎಂದು ಮೊದಮೊದಲು ತಮಾಷೆ ಮಾಡುತ್ತಿದ್ದೆ.

ಹೋದ ವರ್ಷ ಅತ್ತಿಗೆಗೆ ಎದೆನೋವು ಬಂತು. ಎಳ್ಳು ಜರಡಿ ಹಿಡಿಯುತ್ತಿದ್ದರು. ಜರಡಿಯನ್ನು ಒಂದು ಕಾಳೂ ಚೆಲ್ಲದ ಹಾಗೆ ಕೆಳಗಿಟ್ಟು, ಆಮೇಲೆ ಕುಸಿದರು. ಗಾಡಿ ಹಿಡಿದು ಕರೆದುಕೊಂಡು ಹೋಗಿದ್ದು ನಾನು. ಅಣ್ಣನಿಗೆ ಕೈಕಾಲು ಆಡಲಿಲ್ಲ. ಆಸ್ಪತ್ರೆಯಲ್ಲಿ ರಕ್ತನಾಳಕ್ಕೆ ಸ್ಟೆಂಟ್ ಹಾಕಿದರು, ಜೀವ ಉಳಿಯಿತು. ಆದರೆ ಅಲ್ಲಿಂದ ಅವರು ಗಾಣಕ್ಕೆ ವಾಪಸು ಬರಲಿಲ್ಲ. ಊರಿನ ಇನ್ನೊಂದು ತುದಿಯಲ್ಲಿ, ಎರಡು ಬಸ್ಸು ಬದಲಿಸಿ ಹೋಗಬೇಕಾದಷ್ಟು ದೂರದಲ್ಲಿ ಮಗಳ ಮನೆ ಇದೆ. "ಒಂದು ತಿಂಗಳು ಅಮ್ಮ ನನ್ನ ಹತ್ರ ಇರಲಿ" ಎಂದು ಮಗಳು ಕರೆದುಕೊಂಡು ಹೋದಳು. ಒಂದು ತಿಂಗಳು ಎರಡಾಯಿತು, ಎರಡು ಐದಾಯಿತು.

ಗಾಣದಣ್ಣನಿಗೆ ಬೇಕಾಗಿದ್ದು ಒಂದೇ. ಹೆಂಡತಿ ಮನೆಗೆ ಬರಬೇಕು. ಬಾಯಿ ಬಿಟ್ಟು ಹೇಳುವ ಗಂಡಸಲ್ಲ ಅವನು. ಆದರೆ ಹಲಗೆಯ ಈಚೆ ಕೂತವಳಿಗೆ ಯಾರೂ ಏನೂ ಹೇಳಬೇಕಾಗಿಲ್ಲ. ಕೆಲಸದ ನಡುವೆ "ಏ, ಕೇಳಿಲ್ಲಿ" ಎಂದು ಕೂಗುತ್ತಿದ್ದ. ಕೂಗಿದ ಮೇಲೆ ನೆನಪಾಗಿ ಸುಮ್ಮನಾಗುತ್ತಿದ್ದ. ಅವನು ಸುಮ್ಮನಾಗುವುದನ್ನು ಕೇಳಲಾರದೆ ಒಂದು ದಿನ ನಾನೇ ಉತ್ತರ ಕೊಟ್ಟೆ.

"ಏನು ಅಣ್ಣ?"

"ನಿನ್ನನ್ನಲ್ಲ."

ಹಲಗೆಯ ಆಚೆಯಿಂದ ಮತ್ತೆ ದನಿ ಬಂತು. "ಆದರೂ ಯಾರೋ ಮಾತಾಡಿದ್ದು ಒಳ್ಳೇದಾಯ್ತು, ತಂಗಿ."

ಮಧ್ಯಾಹ್ನ ಒಂದೂವರೆಗೆ ಬೀದಿ ತಿರುವಿನಲ್ಲಿ ಬಸ್ಸು ನಿಲ್ಲುತ್ತದೆ. ಆ ಹೊತ್ತಿಗೆ ಸರಿಯಾಗಿ ಅವನು ಮೋಟಾರು ನಿಲ್ಲಿಸಿ, ಕೈ ಒರೆಸಿಕೊಳ್ಳುವ ನೆಪದಲ್ಲಿ ಬಾಗಿಲಿಗೆ ಬಂದು ನಿಲ್ಲುತ್ತಿದ್ದ. ಇಳಿದವರೆಲ್ಲ ಅವರವರ ದಾರಿ ಹಿಡಿದ ಮೇಲೆ ಒಳಗೆ ಹೋಗುತ್ತಿದ್ದ. ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯುವುದು ಎನ್ನುತ್ತಾರಲ್ಲ, ಅದನ್ನು ನಾನು ನೋಡಿದ್ದು ಆಗಲೇ. ನಗು ಬರಬೇಕಿತ್ತು, ಬರಲಿಲ್ಲ.

ಅತ್ತಿಗೆ ಹೋದ ಮೇಲೆ ಎಣ್ಣೆಯೂ ಕೆಟ್ಟಿತು. ಇದು ಅವನೂ ಎಣಿಸಿರದ ಸಂಗತಿ. ಗಾಣದಲ್ಲಿ ಎಳ್ಳು ಅರೆಯುವಾಗ ನಡುನಡುವೆ ನೀರು ಚಿಮುಕಿಸಬೇಕು. ಕಡಿಮೆಯಾದರೆ ಕಾಳು ಪುಡಿಯಾಗುತ್ತದೆಯೇ ಹೊರತು ಎಣ್ಣೆ ಬಿಡುವುದಿಲ್ಲ. ಜಾಸ್ತಿಯಾದರೆ ಎಣ್ಣೆ, ನೀರು, ಹಿಟ್ಟು ಎಲ್ಲ ಸೇರಿ ಕದಡಿದ ಹಾಲಿನ ಹಾಗೆ ನಿಂತುಬಿಡುತ್ತದೆ. ಗಾಣ ಅಣ್ಣನದು, ಬೋರ್ಡು ಅಣ್ಣನದು, ಬೈಸಿಕೊಳ್ಳುವುದೂ ಹೊಗಳಿಸಿಕೊಳ್ಳುವುದೂ ಅಣ್ಣನೇ. ನೀರು ಚಿಮುಕಿಸುತ್ತಿದ್ದ ಕೈ ಮಾತ್ರ ಅತ್ತಿಗೆಯದು. ಆ ಐದು ತಿಂಗಳಲ್ಲಿ ಎಷ್ಟು ಸಲ ಅರೆದ ಎಳ್ಳು ಹಾಳಾಯಿತೋ, ಎಷ್ಟು ಜನ ಗಿರಾಕಿಗಳು ಮೂಗು ಮುರಿದರೋ. "ಕಾಳೇ ಸರಿ ಇಲ್ಲ ಈ ಸಲ" ಎಂದು ಅವನು ಹೇಳಿದರೆ ನಾನು ಹೊಲಿಗೆ ಯಂತ್ರವನ್ನು ಇನ್ನೂ ಜೋರಾಗಿ ತುಳಿಯುತ್ತಿದ್ದೆ.

ವಾರಕ್ಕೊಮ್ಮೆ, ಗಾಣಕ್ಕೆ ರಜೆಯಿದ್ದ ದಿನ, ಅಣ್ಣ ಮಗಳ ಮನೆಗೆ ಹೋಗಿ ಬರುತ್ತಿದ್ದ. ಒಂದು ಸಲ ಐದು ಲೀಟರಿನ ಡಬ್ಬ ಹೊತ್ತುಕೊಂಡು ಹೋದ. ಹೋದ ಹಾಗೆಯೇ ಡಬ್ಬದ ಸಮೇತ ವಾಪಸು ಬಂದ. ನಡೆದಿದ್ದನ್ನು ಹಲಗೆಗೆ ಬೆನ್ನು ಕೊಟ್ಟು ಕೂತು ಹೇಳಿದ.

ಮಗಳು ಬಾಗಿಲಲ್ಲೇ, "ಅಪ್ಪ, ನಿನ್ನ ಎಣ್ಣೆ ಈ ಮನೆಗೆ ಬೇಡ" ಎಂದಳಂತೆ. ಅವಳ ಅಡುಗೆಮನೆಯಲ್ಲಿ ಅಂಗಡಿಯ ರಿಫೈನ್ಡ್ ಎಣ್ಣೆಯ ಬಾಟಲಿ, ಪಕ್ಕದಲ್ಲಿ ಅಳತೆಯ ಚಮಚ. ಇವನಿಗೆ ಉರಿದುಹೋಯಿತು.

"ಇದು ಎಣ್ಣೆನಾ? ಬೀಜನ ಬಿಸಿ ಮಾಡಿ ಹಿಂಡ್ತಾರೆ. ಹಿಂಡಿಯಲ್ಲಿ ಉಳಿದಿದ್ದನ್ನ ಪೆಟ್ರೋಲಿನಂಥ ದ್ರಾವಕ ಹಾಕಿ ಕರಗಿಸಿ ತೆಗೀತಾರೆ. ಆಮೇಲೆ ಕ್ಷಾರ ಹಾಕಿ ತೊಳೆಯೋದು, ಮಣ್ಣು ಹಾಕಿ ಬಣ್ಣ ತೆಗೆಯೋದು, ಸುಡೋ ಹಬೆ ಬಿಟ್ಟು ವಾಸನೆ ತೆಗೆಯೋದು. ಇಷ್ಟೆಲ್ಲ ತೆಗೆದ ಮೇಲೆ ಉಳಿಯೋದು ಏನು?"

"ಅಮ್ಮ ಉಳಿದಿದ್ದಾಳಲ್ಲ. ನನಗೆ ಅಷ್ಟು ಸಾಕು" ಎಂದಳಂತೆ ಮಗಳು.

ಅತ್ತಿಗೆ ಒಳಗಿನ ಕೋಣೆಯಲ್ಲಿ ಮಲಗಿದ್ದರಂತೆ. ಅವರಿಗೆ ಕೇಳಿಸಿತೋ ಇಲ್ಲವೋ ಗೊತ್ತಿಲ್ಲ. ಕೊನೆಗೆ ಮಗಳು ಒಂದು ಮಾತು ಕೊಟ್ಟಳು. ಆಸ್ಪತ್ರೆಯಲ್ಲಿ ಪ್ರತಿ ಮಂಗಳವಾರ ಎದೆರೋಗದವರ ಮನೆಮಂದಿಗೆ ಪಥ್ಯದ ಕ್ಲಾಸು ನಡೆಯುತ್ತದೆ. ಅಪ್ಪ ಅದಕ್ಕೆ ಹೋಗಬೇಕು. ಪಥ್ಯದ ಮೇಡಂ ಅಪ್ಪನ ಎಣ್ಣೆ ಆಗಬಹುದು ಎಂದರೆ ಅಮ್ಮನನ್ನು ಗಾಣಕ್ಕೆ ಕಳಿಸಲು ತನ್ನ ಅಡ್ಡಿ ಇಲ್ಲ.

"ನೀನೂ ಬಾ ತಂಗಿ" ಎಂದ ಗಾಣದಣ್ಣ. "ಇಬ್ಬರು ಹೋದ್ರೆ ಬೈಗುಳ ಹಂಚಿಹೋಗುತ್ತೆ."

ನನಗೂ ಬಿಪಿ ಇದೆ. ಹೋದೆ.

ಪಥ್ಯದ ಮೇಡಂ ಎಂದರೆ ಯಾರೋ ಕನ್ನಡಕದ ದೊಡ್ಡ ಹೆಂಗಸು ಎಂದುಕೊಂಡಿದ್ದೆ. ನೋಡಿದರೆ ನಮ್ಮ ಅಣ್ಣನ ಮಗಳಿಗಿಂತ ಚಿಕ್ಕವಳು, ತೆಳ್ಳಗೆ, ಮಾತು ಮಾತ್ರ ಕತ್ತರಿ. ಉದ್ದ ಮೇಜಿನ ಮೇಲೆ ಏಳೆಂಟು ಬಗೆಯ ಎಣ್ಣೆ ಜೋಡಿಸಿಟ್ಟಿದ್ದಳು. ಗಾಣದಣ್ಣ ಮುಂದಿನ ಬೆಂಚಿನಲ್ಲಿ, ಜಗಳಕ್ಕೆ ತಯಾರಾಗಿ, ತೋಳು ಕಟ್ಟಿ ಕೂತ.

"ಯಾವ ಎಣ್ಣೆಯೂ ಔಷಧಿ ಅಲ್ಲ" ಎಂದು ಶುರುಮಾಡಿದಳು. "ಗಾಣದ್ದಾದರೂ ಅಷ್ಟೇ, ಕಾರ್ಖಾನೆದಾದರೂ ಅಷ್ಟೇ, ಒಂದು ಚಮಚದಲ್ಲಿ ಇರೋ ಕೊಬ್ಬು ಒಂದೇ. ಅದಕ್ಕೆ ಮೊದಲು ಅಳತೆ, ಆಮೇಲೆ ಜಾತಿ. ಒಬ್ಬರಿಗೆ ದಿನಕ್ಕೆ ಮೂರು ಸಣ್ಣ ಚಮಚ ಸಾಕು."

ಬಾಟಲಿಯೊಂದನ್ನು ಎತ್ತಿ ತೋರಿಸಿದಳು. "ಇದರ ಮೇಲೆ ಕೊಲೆಸ್ಟರಾಲ್ ಇಲ್ಲ ಅಂತ ದೊಡ್ಡದಾಗಿ ಬರೆದಿದ್ದಾರೆ ನೋಡಿ. ಬೀಜದ ಎಣ್ಣೆಯಲ್ಲಿ ಅದು ಇರೋದೇ ಇಲ್ಲ. ನೀರಿನ ಬಾಟಲಿ ಮೇಲೆ ಮೂಳೆ ಇಲ್ಲ ಅಂತ ಬರೆದ ಹಾಗಾಯ್ತು."

ಎಲ್ಲರೂ ನಕ್ಕರು. ಅಣ್ಣನ ತೋಳು ಸ್ವಲ್ಪ ಸಡಿಲವಾಯಿತು. ಬೆಣ್ಣೆ, ವನಸ್ಪತಿಯಂಥ ಗಟ್ಟಿ ಕೊಬ್ಬು ಎದೆಗೆ ಒಳ್ಳೆಯದಲ್ಲ, ಎಳ್ಳು, ಶೇಂಗಾ, ಸೂರ್ಯಕಾಂತಿಯಂಥವು ವಾಸಿ; ಒಂದನ್ನೇ ಹಿಡಿದು ಕೂರದೆ ಬದಲಿಸುತ್ತಿರಿ; ಒಮ್ಮೆ ಕರಿದ ಎಣ್ಣೆಯನ್ನು ಮತ್ತೆ ಮತ್ತೆ ಕಾಯಿಸಬೇಡಿ ಎಂದಳು. ಅಣ್ಣ ಎದ್ದು ನಿಂತು ತನ್ನ ಪೆಟ್ರೋಲಿನ ಮಾತು ತೆಗೆದ. ಅವಳು ಸಿಟ್ಟಾಗಲಿಲ್ಲ. ಆ ದ್ರಾವಕ ಆವಿಯಾಗಿ ಹೋಗುತ್ತದೆ, ಉಳಿದರೂ ಲೆಕ್ಕಕ್ಕಿಲ್ಲದಷ್ಟು ಎಂದಳು. ರಿಫೈನ್ಡ್ ಎಣ್ಣೆ ಹೆಚ್ಚು ಕಾವು ತಡೆಯುತ್ತದೆ, ಬೇಗ ಕೆಡುವುದಿಲ್ಲ. ಗಾಣದ್ದರಲ್ಲಿ ರುಚಿ, ವಾಸನೆ, ಬೀಜದ ಕೆಲವು ಒಳ್ಳೆಯ ಅಂಶಗಳು ಹೆಚ್ಚು ಉಳಿಯುತ್ತವೆ, ಆದರೆ ಅದನ್ನು ತಾಜಾ ಇರುವಾಗಲೇ ಬಳಸಬೇಕು. "ಚಿಕ್ಕ ಬಾಟಲಿ, ಕಂದು ಗಾಜು, ಒಲೆಯಿಂದ ದೂರ, ಮುಚ್ಚಳ ಭದ್ರ. ಕಮಟು ವಾಸನೆ ಬಂತೋ, ಚೆಲ್ಲಿಬಿಡಿ. ಆಸೆ ಮಾಡಬೇಡಿ."

"ನಮ್ಮದು ತಾಜಾನೇ ಮೇಡಂ. ಎಂಟು ದಿನ ಇಳಿಬಿಟ್ಟು, ಮೇಲಿನ ತಿಳಿ ಮಾತ್ರ ಕೊಡ್ತೀನಿ" ಎಂದ ಅಣ್ಣ, ಎದೆಯುಬ್ಬಿಸಿ.

"ಅದು ಗಿರಾಕಿಗಳಿಗೆ. ಮನೆಗೆ?"

"ಮನೆಗೆ ತಳದ್ದು."

ಅವನು ಅದನ್ನು ಹೇಳಿದ ರೀತಿ ನನಗೆ ಇನ್ನೂ ನೆನಪಿದೆ. ಮುಚ್ಚುಮರೆ ಇಲ್ಲ, ನಾಚಿಕೆ ಇಲ್ಲ. ಗಾಣದಿಂದ ಎಣ್ಣೆ ಬಂದಾಗ ಕದಡಿರುತ್ತದೆ. ದೊಡ್ಡ ಪಾತ್ರೆಯಲ್ಲಿ ಎಂಟು ದಿನ ಅಲ್ಲಾಡಿಸದೆ ಇಟ್ಟರೆ ಹಿಟ್ಟು, ಮಣ್ಣು, ನೀರಿನ ಪಸೆ ಎಲ್ಲ ತಳಕ್ಕೆ ಇಳಿಯುತ್ತದೆ. ಅದು ಗಸಿ. ಮೇಲಿನ ತಿಳಿ ಮಾರಾಟಕ್ಕೆ, ಗಸಿ ಬೆರೆತ ತಳದ ಎಣ್ಣೆ ಮನೆಗೆ. ಅವನ ಅಜ್ಜಿ ಅದರಲ್ಲೇ ಅಡುಗೆ ಮಾಡಿದ್ದರು, ಅಮ್ಮ ಅದರಲ್ಲೇ ಮಾಡಿದ್ದರು. ಒಳ್ಳೆಯ ಎಣ್ಣೆಯನ್ನು ಮನೆಯವರೇ ತಿಂದರೆ ಗಾಣ ಉಳಿಯುತ್ತದೆಯೇ ಎಂಬುದು ಆ ಮನೆಯ ಲೆಕ್ಕ. ಬೇರೆ ಥರ ಇರಬಹುದು ಎಂದು ಯಾರಿಗೂ ಹೊಳೆದಿರಲಿಲ್ಲ.

"ಪಾತ್ರೆ ಖಾಲಿಯಾದ ಮೇಲೆ ತೊಳೆದು ಹೊಸದು ಹಾಕ್ತೀರಾ?" ಎಂದು ಕೇಳಿದಳು ಮೇಡಂ.

"ಖಾಲಿಯಾಗೋದೇ ಇಲ್ಲವಲ್ಲ. ಜಾಡಿ ಇದೆ. ಮೇಲಿಂದ ಮೇಲೆ ಸುರೀತಾ ಇರ್ತೀವಿ."

ಮೇಡಂ ಕೈಯಲ್ಲಿದ್ದ ಬಾಟಲಿಯನ್ನು ಮೇಜಿನ ಮೇಲಿಟ್ಟಳು. "ಮುಂದಿನ ವಾರ ಆ ಜಾಡಿಯದ್ದು ಸ್ವಲ್ಪ ತನ್ನಿ, ನೋಡೋಣ" ಎಂದಳು.

ಸೋಮವಾರ ಸಂಜೆ, ಇನ್ನೂ ಬೆಳಕಿರುವಾಗ, ಗಾಣದಣ್ಣ ಆ ಜಾಡಿಯನ್ನೂ ಒಂದು ಸಣ್ಣ ಸೀಸೆಯನ್ನೂ ತಂದು ನನ್ನ ಅಂಗಡಿಯ ಕಿಟಕಿ ಹತ್ತಿರ ಇಟ್ಟ. ಅವನ ಅಡುಗೆಮನೆಯಲ್ಲಿ ಬೆಳಕು ಸಾಲದು. ಲಾಳಿಕೆ ಹಿಡಿದು ಸುರಿಯುವಾಗ ವಾಸನೆ ಮೊದಲು ಬಡಿದಿದ್ದು ನನ್ನ ಮೂಗಿಗೆ. ನಾನು ಕಿಟಕಿಯನ್ನು ಪೂರ್ತಿ ತೆರೆದೆ. ಅವನು ಸುರಿಯುವುದನ್ನು ನಿಲ್ಲಿಸಿದ. ಸೀಸೆಯನ್ನು ಮೂಗಿನ ಹತ್ತಿರ ತಂದ. ಇನ್ನೊಬ್ಬರ ಎಣ್ಣೆಯನ್ನು ಮೂಸಿ, ಇದು ಹೋದ ತಿಂಗಳಿನದು, ಇದು ಬೆರಕೆ ಎಂದು ಕಣ್ಣು ಮುಚ್ಚಿ ಹೇಳುವ ಮೂಗು ಅದು.

"ತಂಗಿ, ಇದು ಕಮಟು."

"ಐದು ತಿಂಗಳಿಂದ ಹಾಗೇ ಇತ್ತಲ್ಲ ಅಣ್ಣ, ಅದಕ್ಕೇ" ಎಂದೆ. ಸುಳ್ಳೇ ಸರಿ, ಏನಾದರೂ ಹೇಳಬೇಕಿತ್ತು.

"ಇಲ್ಲ. ಐದು ತಿಂಗಳಿಂದ ನಾನೂ ಇದರಲ್ಲೇ ಈರುಳ್ಳಿ ಬಾಡಿಸ್ತಾ ಇದ್ದೀನಿ. ಅವಳು ಇದ್ದಾಗಲೂ ಇದೇ ವಾಸನೆ. ಒಳಗೆ ಹೋದ ತಕ್ಷಣ ಇದು ಮೂಗಿಗೆ ಬಂದ್ರೆ, ಮನೆಗೆ ಬಂದೆ ಅನ್ನಿಸೋದು. ಮನೆ ವಾಸನೆ ಅಂದ್ರೆ ಇದೇ ಅಂದ್ಕೊಂಡಿದ್ದೆ."

ಸ್ಟೂಲಿನ ಮೇಲೆ ಕೂತ. ನಾನು ಒಂದು ತೋಳು ಹೊಲಿದು ಮುಗಿಸಿದೆ, ಅದನ್ನು ತಿರುವುಮುರುವಾಗಿ ಹೊಲಿದಿದ್ದೆ ಎಂದು ಆಮೇಲೆ ಗೊತ್ತಾಯಿತು.

"ಅವಳು ಯಾವತ್ತೂ ಮೇಲಿನ ಎಣ್ಣೆ ತಿಂದಿಲ್ಲ" ಎಂದ. "ಮೂವತ್ತನಾಲ್ಕು ವರ್ಷ ಅವಳ ಕೈಯಲ್ಲೇ ತಯಾರಾಗಿದ್ದು. ಒಂದು ಚಮಚ ತಿಂದಿಲ್ಲ. ನಾನೂ ತಿಂದಿಲ್ಲ ಅನ್ನು. ಆದ್ರೆ ನಾನು ರುಚಿ ನೋಡೋ ನೆಪದಲ್ಲಿ ನಾಲಿಗೆಗಾದ್ರೂ ಹಚ್ಕೋತಿದ್ದೆ."

ಮಂಗಳವಾರ ಸೀಸೆಯನ್ನು ಮೇಡಂ ಕೈಗೆ ಕೊಟ್ಟಾಗ ಅವನು ಕೇಳಿದ್ದು ಒಂದೇ ಪ್ರಶ್ನೆ. "ಇದರಿಂದಲೇ ಅವಳಿಗೆ ಹಾಗಾಯ್ತಾ?"

"ಇದರಿಂದಲೇ ಆಯ್ತು ಅಂತ ಹೇಳಕ್ಕೆ ನನಗೆ ಆಗಲ್ಲ. ಎದೆರೋಗಕ್ಕೆ ಹತ್ತು ಕಾರಣ ಇರುತ್ತೆ" ಎಂದಳು ಅವಳು. ಸೀಸೆಯ ಮುಚ್ಚಳ ಹಾಕಿದಳು. "ಇದು ತಿನ್ನೋ ಎಣ್ಣೆ ಅಲ್ಲ ಅಂತ ಮಾತ್ರ ಹೇಳಬಲ್ಲೆ. ನಿಮ್ಮ ಮೇಲಿನ ತಿಳಿ ಕೊಡಿ. ಅರ್ಧ ಲೀಟರ್ ಮೀರದ ಬಾಟಲಿ, ದಿನಕ್ಕೆ ಮೂರು ಚಮಚ. ಧಾರಾಳವಾಗಿ ಮನೆಗೆ ಕರ್ಕೊಂಡು ಬನ್ನಿ."

ಹತ್ತು ಕಾರಣ ಎಂಬ ಮಾತು ಅವನಿಗೆ ಸಮಾಧಾನವನ್ನೂ ಕೊಡಲಿಲ್ಲ, ಶಿಕ್ಷೆಯನ್ನೂ ಕೊಡಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು ಎಂದು ಬಸ್ಸಿನಲ್ಲಿ ಎರಡು ಸಲ ಅಂದ. ಮನೆಗೆ ಬಂದವನೇ ಜಾಡಿಯಲ್ಲಿದ್ದುದನ್ನೆಲ್ಲ ಚೆಲ್ಲಿ, ಸೋಡಾಪುಡಿ ಹಾಕಿ, ಬಿಸಿನೀರಿನಲ್ಲಿ ಮೂರು ಸಲ ಉಜ್ಜಿದ. ವಾಸನೆ ಹೋಗಲಿಲ್ಲ. ಜಾಡಿಯನ್ನು ಹಿತ್ತಿಲಲ್ಲಿ ಬೋರಲು ಹಾಕಿದ.

ಮರುದಿನ ಹೊಸ ಎಳ್ಳು ತಂದ. ತಾನೇ ಜರಡಿ ಹಿಡಿದ, ತಾನೇ ಬಿಸಿಲಿಗೆ ಹರವಿದ, ಕಲ್ಲು ಕಡ್ಡಿ ಆರಿಸಲು ಕನ್ನಡಕ ಹಾಕಿಕೊಂಡು ಕೂತ. ಇಷ್ಟು ಮುತುವರ್ಜಿ ಅವನ ಜನ್ಮದಲ್ಲಿ ನಾನು ಕಂಡಿರಲಿಲ್ಲ. ಗಾಣಕ್ಕೆ ಹಾಕಿದ ಮೇಲೆ ಮಾತ್ರ ನೀರಿನ ಪಾತ್ರೆ ಹಿಡಿದು ನಿಂತವನು ನಿಂತೇ ಇದ್ದ. ಕೊನೆಗೆ ಫೋನು ತಂದು ನನ್ನ ಕೈಗೆ ಕೊಟ್ಟ. "ಅವಳಿಗೆ ಹಚ್ಚು. ನೀನೇ ಕೇಳು."

ಹಚ್ಚಿ, ಸ್ಪೀಕರಿಗೆ ಹಾಕಿದೆ. "ಅಣ್ಣ ನೀರಿನ ಹದ ಕೇಳಬೇಕಂತೆ, ಅತ್ತಿಗೆ" ಎಂದೆ.

"ಹೇಗೆ ಹೇಳಲಿ? ಕೈಗೆ ಗೊತ್ತು, ನನಗೇನು ಗೊತ್ತು" ಎಂದು ಅತ್ತಿಗೆ ನಕ್ಕರು. ನಗು ತೆಳ್ಳಗಾಗಿತ್ತು. ಆಮೇಲೆ, "ಫೋನನ್ನ ಗಾಣದ ಬಾಯಿ ಹತ್ರ ಹಿಡಿ" ಎಂದರು.

ಹಿಡಿದೆ. ಒನಕೆ ತಿರುಗುತ್ತಿತ್ತು. ಆ ಕಡೆ ಅವರು ಉಸಿರು ಬಿಗಿಹಿಡಿದು ಕೇಳುತ್ತಿದ್ದರು.

"ಒಣಗಿದೆ. ಕಿರ್ ಅಂತಿದೆ ನೋಡಿ. ಒಂದು ಬೊಗಸೆ ಹಾಕಿ. ಒಂದೇ ಸಲ ಅಲ್ಲ ರೀ, ಸುತ್ತ ಚಿಮುಕಿಸ್ತಾ... ತಡೀರಿ. ಈಗ ಬೇಡ. ಇನ್ನೊಂದು ನಾಲ್ಕು ಸುತ್ತು ಹೋಗಲಿ... ಈಗ ಇನ್ನು ಅರ್ಧ."

ಅತ್ತಿಗೆ ಹೇಳಿದಂತೆ ಅವನು ಮಾಡಿದ. ಕಿರ್ ಎನ್ನುವುದು ನಿಂತು ಸದ್ದು ಮೆತ್ತಗಾಯಿತು. ಅಂಚಿನಲ್ಲಿ ಎಣ್ಣೆ ಕಾಣಿಸಿಕೊಂಡಿತು. "ಬಂತಾ?" ಎಂದರು ಅತ್ತಿಗೆ. "ಬಂತು" ಎಂದ ಅಣ್ಣ. ನಾನು ಮಧ್ಯದಲ್ಲಿ ಫೋನು ಹಿಡಿದುಕೊಂಡು ಗೋಡೆ ನೋಡುತ್ತಿದ್ದೆ.

"ಯಾರ ಆರ್ಡರು? ಇಷ್ಟೊಂದು ಕಾಳಜಿ?" ಎಂದು ಅತ್ತಿಗೆ ಕೇಳಿದರು.

"ಒಬ್ಬರು ದೊಡ್ಡ ಗಿರಾಕಿ" ಎಂದ.

"ಹಾಗಾದ್ರೆ ಎಂಟು ದಿನ ಮುಟ್ಟಬೇಡಿ. ಮೇಲಿಂದು ನಿಧಾನವಾಗಿ ಬಗ್ಗಿಸಿ. ತಳದ್ದು ಮನೆ ಜಾಡಿಗೆ ಹಾಕ್ಕೊಳ್ಳಿ, ಸುಮ್ಮನೆ ಚೆಲ್ಲಬೇಡಿ."

ಅಣ್ಣ ಹಿತ್ತಿಲ ಕಡೆ ನೋಡಿದ. ನಾನೇ "ಆಯ್ತು ಅತ್ತಿಗೆ" ಎಂದು ಫೋನು ಇಟ್ಟೆ.

ಒಂಬತ್ತನೆಯ ದಿನ ಹೊರಟೆವು. ಅಣ್ಣ ಒಗೆದ ಅಂಗಿ ಹಾಕಿಕೊಂಡಿದ್ದ. ನಾನೇ ಹೊಲಿದಿದ್ದು, ಹೆಣ್ಣು ನೋಡಲು ಹೊರಟವನ ಹಾಗೆ ಕಾಣುತ್ತೀಯ ಎಂದು ರೇಗಿಸಿದೆ. ಕಂದು ಬಾಟಲಿಯನ್ನು ಎರಡೂ ಬಸ್ಸಿನಲ್ಲಿ ತೊಡೆಯ ಮೇಲೆ ಹಿಡಿದುಕೊಂಡೇ ಕೂತಿದ್ದ. ನಾಳೆಯಿಂದ ಜರಡಿ ಹಿಡಿಯುವ ಕೆಲಸ ಅವಳಿಗೆ ಬೇಡ, ಆಳು ಇಡುತ್ತೇನೆ, ಅವಳು ಸುಮ್ಮನೆ ಕುರ್ಚಿಯಲ್ಲಿ ಕೂತು ನೀರು ಎಷ್ಟು ಎಂದು ಹೇಳಿದರೆ ಸಾಕು ಎಂದ. ಕುರ್ಚಿಯನ್ನು ಎಲ್ಲಿ ಹಾಕುವುದು ಎಂಬುದನ್ನೂ ಯೋಚಿಸಿಟ್ಟಿದ್ದ.

ಮಗಳು ಬಾಗಿಲು ತೆಗೆದಳು. ಮೇಡಂ ಬರೆದುಕೊಟ್ಟ ಚೀಟಿ ಓದಿದಳು. "ಒಳಗೆ ಬಾ ಅಪ್ಪ. ಅತ್ತೆ, ನೀವೂ ಬನ್ನಿ" ಎಂದು ತಾನೇ ಬಾಟಲಿ ಇಸಿದುಕೊಂಡಳು. ಹುಡುಗಿ ಮಾತಿಗೆ ತಪ್ಪುವವಳಲ್ಲ, ಅದನ್ನು ಒಪ್ಪಬೇಕು.

ಅತ್ತಿಗೆ ಊಟದ ಮೇಜಿನ ಹತ್ತಿರ ಕೂತಿದ್ದರು. ಮುಖದಲ್ಲಿ ಕಳೆ ಬಂದಿತ್ತು. "ಆ ದೊಡ್ಡ ಗಿರಾಕಿ ಏನಂದ್ರು? ಎಣ್ಣೆ ಒಪ್ಪಿಗೆ ಆಯ್ತಾ?" ಎಂದು ಕೇಳಿದರು.

"ಇನ್ನೂ ರುಚಿ ನೋಡಿಲ್ಲ" ಎಂದ ಅಣ್ಣ. ಮಗಳು ಬಾಟಲಿಯನ್ನು ಅತ್ತಿಗೆಯ ಮುಂದೆ ಇಟ್ಟಳು. ಅವರು ಅದನ್ನು ನೋಡಿದರು, ಗಂಡನನ್ನು ನೋಡಿದರು, ಮತ್ತೆ ಬಾಟಲಿ ನೋಡಿದರು.

"ನಂಗಾ?"

"ಹ್ಞೂಂ."

"ಮೇಲಿಂದಾ?"

"ಮೇಲಿಂದೇ."

ಮಗಳು ಬಿಸಿ ಅನ್ನ ತಂದು, ಅದರ ಮೇಲೆ ಒಂದು ಚಮಚ ಎಣ್ಣೆ ಬಿಟ್ಟಳು. ಅತ್ತಿಗೆ ಕಲಸಿ ಒಂದು ತುತ್ತು ಬಾಯಿಗಿಟ್ಟರು. ನಿಧಾನವಾಗಿ ಅಗಿದರು. ಅಣ್ಣ ಪರೀಕ್ಷೆ ಬರೆದ ಮಗುವಿನ ಮುಖ ಮಾಡಿಕೊಂಡು ನಿಂತಿದ್ದ.

"ಇಷ್ಟು ಚೆನ್ನಾಗಿರುತ್ತಾ?" ಎಂದರು. ಕಣ್ಣು ತುಂಬಿತ್ತು. "ಗಿರಾಕಿಗಳು ಸುಮ್ಮನೆ ಬರ್ತಿರಲಿಲ್ಲ ಬಿಡಿ."

ಅಣ್ಣ ಕುರ್ಚಿ ಎಳೆದುಕೊಂಡು ಎದುರಿಗೆ ಕೂತ. "ಮೇಡಂ ಒಪ್ಪಿದ್ದಾರೆ. ಇವಳೂ ಒಪ್ಪಿದ್ದಾಳೆ. ಹೋಗೋಣವಾ ಮನೆಗೆ?" ಎಂದ.

ಅತ್ತಿಗೆ ಕೈಯಲ್ಲಿದ್ದ ತುತ್ತನ್ನು ತಟ್ಟೆಗೆ ಇಟ್ಟರು.

"ಇಲ್ಲಿ ಇವಳು ಮೊದಲು ನನಗೆ ಬಡಿಸ್ತಾಳೆ ರೀ. ಮೊದಮೊದಲು ನುಂಗೋಕೇ ಆಗ್ತಿರಲಿಲ್ಲ. ಯಾರದ್ದೋ ಪಾಲು ತಿಂತಿದ್ದೀನಿ ಅನ್ನಿಸೋದು. ಈಗೀಗ ಅಭ್ಯಾಸ ಆಗ್ತಿದೆ."

"ಅಲ್ಲೂ ಹಾಗೇ ಮಾಡೋಣ. ಮೇಲಿನ ಎಣ್ಣೆನೇ ಮನೆಗೆ. ನಾನೇ ನಿನಗೆ ಕೊಡ್ತೀನಿ."

"ನೀವು ಕೊಡ್ತೀರಿ" ಎಂದರು ಅತ್ತಿಗೆ. ಸಿಟ್ಟು ಇರಲಿಲ್ಲ, ಅದೇ ಕಷ್ಟ. "ನಾನು ತಗೊಳ್ಳಲ್ಲ. ಆ ಅಡುಗೆಮನೆಗೆ ಕಾಲಿಟ್ಟರೆ ನನ್ನ ಕೈ ತಾನಾಗೇ ತಳಕ್ಕೆ ಹೋಗುತ್ತೆ. ನನಗೆ ಗೊತ್ತು. ಇನ್ನೂ ಸ್ವಲ್ಪ ದಿನ ಇಲ್ಲೇ ಇರ್ತೀನಿ."

"ಸ್ವಲ್ಪ ದಿನ ಅಂದ್ರೆ ಎಷ್ಟು?"

ಅತ್ತಿಗೆ ಎದ್ದು ಹೋಗಿ ಇನ್ನೆರಡು ತಟ್ಟೆ ತಂದರು. "ಇಷ್ಟು ದೂರ ಬಂದಿದ್ದೀರಿ. ಊಟ ಮಾಡ್ಕೊಂಡು ಹೋಗಿ" ಎಂದರು. ಮನೆಗೆ ಬಂದವರಿಗೆ ಹೇಳುವ ಆ "ಹೋಗಿ" ಎಂಬ ಮಾತನ್ನು ಅವರು ನನಗೆ ಹೇಳಿದ್ದಿದೆ, ಗಿರಾಕಿಗಳಿಗೆ ಹೇಳಿದ್ದಿದೆ. ಗಂಡನಿಗೆ ಹೇಳಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ಅವನೂ ಕೇಳಿಸಿಕೊಂಡ. ತಲೆ ತಗ್ಗಿಸಿ ಊಟ ಮಾಡಿದ.

ವಾಪಸು ಬರುವಾಗ ಬಸ್ಸಿನಲ್ಲಿ ಅಣ್ಣ ಕಿಟಕಿಯ ಪಕ್ಕ ಕೂತ. "ನಾನು ಒಂದು ಸಲ ತಗೋ ಅಂದಿದ್ದರೆ ಸಾಕಿತ್ತು ತಂಗಿ" ಎಂದ. "ಮೂವತ್ತನಾಲ್ಕು ವರ್ಷದಲ್ಲಿ ಒಂದು ಸಲ." ಎಲ್ಲದಕ್ಕೂ ಎದುರುತ್ತರ ಕೊಡುವವಳು ನಾನು. ಅವತ್ತು ಟಿಕೆಟ್ಟು ಮಡಚುತ್ತಾ ಕೂತೆ.

ಇದಾಗಿ ನಾಲ್ಕು ತಿಂಗಳಾಯಿತು. ಹಳೆಯ ಬಾಟಲಿ ಮುಗಿಯುವ ಲೆಕ್ಕಕ್ಕೆ, ಹನ್ನೆರಡು ದಿನಕ್ಕೊಮ್ಮೆ ಅವನು ಹೊಸ ಬಾಟಲಿ ತೆಗೆದುಕೊಂಡು ಮಗಳ ಮನೆಗೆ ಹೋಗುತ್ತಾನೆ, ಊಟ ಮಾಡಿಕೊಂಡು ಬರುತ್ತಾನೆ. ಎಳ್ಳು ಅರೆಯುವ ದಿನ ಫೋನು ಹಚ್ಚಿ ಗಾಣದ ಬಾಯಿಗೆ ಹಿಡಿಯುತ್ತಾನೆ, ಅತ್ತಿಗೆ ಆ ಕಡೆಯಿಂದ ನೀರು ಹೇಳುತ್ತಾರೆ. ಎಣ್ಣೆ ಮತ್ತೆ ಚೆನ್ನಾಗಿ ಬರುತ್ತಿದೆ, ಗಿರಾಕಿಗಳು ಹೊಗಳುತ್ತಿದ್ದಾರೆ.

ಅವನ ಅಡುಗೆಮನೆಯ ಗೂಡಿನಲ್ಲೂ ಒಂದು ಕಂದು ಬಾಟಲಿ ಇದೆ, ಮೇಲಿನ ತಿಳಿ ತುಂಬಿದ್ದು. ಅದರ ಮುಚ್ಚಳ ತೆಗೆಯುವುದಿಲ್ಲ. ನೀನಾದರೂ ತಿನ್ನು, ಹಾಳಾಗುತ್ತದೆ ಎಂದು ನಾನು ಬೈದರೆ, "ಅವಳು ಬಂದ ದಿನ ಮನೆಯಲ್ಲಿ ಹಳೇದು ಇರಬಾರದು" ಎನ್ನುತ್ತಾನೆ. ಅದಕ್ಕೆ ಹನ್ನೆರಡು ದಿನಕ್ಕೊಮ್ಮೆ ಅದನ್ನೂ ಬದಲಿಸುತ್ತಾನೆ. ಗೂಡಿನಿಂದ ತೆಗೆದಿದ್ದನ್ನು ತಂದು ನನ್ನ ಮೇಜಿನ ಮೇಲೆ ಇಟ್ಟು ಹೋಗುತ್ತಾನೆ. ನಾಲ್ಕು ತಿಂಗಳಿಂದ ನಾನು ಎಣ್ಣೆ ಕೊಂಡಿಲ್ಲ. ಬೇಡ ಅಣ್ಣ ಎನ್ನಬೇಕು ಎಂದು ಪ್ರತಿ ಸಲ ಅಂದುಕೊಳ್ಳುತ್ತೇನೆ. ಬೇಡ ಎಂದರೆ ಅವನು ಅದನ್ನು ಇನ್ನು ಯಾರಿಗೆ ಕೊಡಬೇಕು ಎಂದು ಸುಮ್ಮನೆ ತೆಗೆದುಕೊಳ್ಳುತ್ತೇನೆ.